ದಿನದ ಧಮ್ಮ ಚಿಂತನೆ: ಮೊಬೈಲಿನ ಬಂದೂಕು ಮಕ್ಕಳನ್ನು ಹಿಂಸೆಗೆ ದೂಡುತ್ತದೆಯೇ?





ನಮ್ಮ ಬಳಗದ ಹಲವು ತಾಯಂದಿರು ಕೇಳುವ ಪ್ರಶ್ನೆಯನ್ನೇ ಇಂದಿನ ಚಿಂತನೆಗೆ ತೆಗೆದುಕೊಂಡಿದ್ದೇನೆ. "ಮೇಷ್ಟ್ರೇ, ವಿಹಾರದಲ್ಲಿ ಮಗ ಪಂಚಶೀಲ ಹೇಳ್ತಾನೆ. ಮನೆಗೆ ಬಂದ್ರೆ ಮೊಬೈಲಲ್ಲಿ ಜನರನ್ನ ಸುಡೋ ಆಟ ಆಡ್ತಾನೆ. ಮೊದಲನೇ ಶೀಲ ಮುರಿದ ಹಾಗಲ್ವಾ? ನಾಳೆ ನಿಜವಾಗ್ಲೂ ಯಾರಿಗಾದ್ರೂ ಹೊಡೆದುಬಿಟ್ರೆ?"

ಈ ಭಯಕ್ಕೆ ಕಾರಣವಿದೆ. 2019ರಲ್ಲಿ ಬೆಳಗಾವಿ ಜಿಲ್ಲೆಯಲ್ಲಿ, ಪಬ್‌ಜಿ ಆಡಬೇಡ ಎಂದ ತಂದೆಯನ್ನು ಮಗನೇ ಕೊಂದ ಸುದ್ದಿಯನ್ನು ನಾವೆಲ್ಲ ಓದಿದ್ದೇವೆ. ಅದೇ ವರ್ಷ ಗುಜರಾತಿನ ರಾಜಕೋಟ್‌ನಲ್ಲಿ ಪೊಲೀಸರು ಈ ಆಟವನ್ನು ನಿಷೇಧಿಸಿ, ಆಡುತ್ತಿದ್ದ ಹುಡುಗರನ್ನು ಬಂಧಿಸಿದರು. 2020ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರ್ಕಾರ ದೇಶದಾದ್ಯಂತ ಪಬ್‌ಜಿ ನಿಷೇಧಿಸಿತು. ಆದರೆ ಅದಕ್ಕೆ ಕೊಟ್ಟ ಕಾರಣ ಹಿಂಸೆಯಲ್ಲ, ಬಳಕೆದಾರರ ಮಾಹಿತಿಯ ಮತ್ತು ದೇಶದ ಭದ್ರತೆ. ಮರುವರ್ಷವೇ ಆಟ ಬೇರೆ ಹೆಸರಿನಲ್ಲಿ ಮರಳಿ ಬಂತು.

ಕೇಳಿದ್ದನ್ನು, ಹತ್ತು ಜನ ಹೇಳಿದ್ದನ್ನು ಹಾಗೆಯೇ ನಂಬಬೇಡಿ, ಪರೀಕ್ಷಿಸಿ ನೋಡಿ ಎಂದು ಭಗವಾನ್ ಬುದ್ಧರು ಕಾಲಾಮರಿಗೆ ತಿಳಿಹೇಳಿದರು. ಈ ಪ್ರಶ್ನೆಯನ್ನೂ ಹಾಗೆಯೇ ಪರೀಕ್ಷಿಸೋಣ.

*ಪರೀಕ್ಷೆ ಏನು ಹೇಳುತ್ತದೆ?*

ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯ, ಹಿಂಸೆಯ ವಿಡಿಯೋ ಗೇಮ್‌ಗಳನ್ನು ಮಕ್ಕಳಿಗೆ ಮಾರಬಾರದೆಂದು 2005ರಲ್ಲಿ ಕಾನೂನು ಮಾಡಿತು. 2011ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಅದನ್ನು ರದ್ದುಪಡಿಸಿತು. ಆಟವೇ ಮಕ್ಕಳನ್ನು ಹಿಂಸೆಗೆ ಇಳಿಸುತ್ತದೆ ಎಂಬುದನ್ನು ಸಂಶೋಧನೆಗಳು ಸಾಬೀತು ಮಾಡಿಲ್ಲ ಎಂದಿತು. 2019ರಲ್ಲಿ ಆಕ್ಸ್‌ಫರ್ಡ್ ಸಂಶೋಧಕರು ಬ್ರಿಟನ್ನಿನ 14-15 ವರ್ಷದ ಸುಮಾರು 1000 ಮಕ್ಕಳನ್ನೂ ಅವರ ಪೋಷಕರನ್ನೂ ವಿಚಾರಿಸಿದರು. ಹಿಂಸೆಯ ಆಟಕ್ಕೂ ಮಕ್ಕಳ ಆಕ್ರಮಣಶೀಲ ವರ್ತನೆಗೂ ಅವರಿಗೆ ನಂಟು ಕಾಣಲಿಲ್ಲ.

ಇನ್ನೊಂದು ಪಕ್ಕವನ್ನೂ ಹೇಳಬೇಕು. ಅಮೆರಿಕದ ಮನಶ್ಶಾಸ್ತ್ರಜ್ಞರ ಸಂಘ 2015ರಲ್ಲಿ, ಇಂಥ ಆಟಗಳಿಗೂ ಸಿಟ್ಟು, ಒರಟುತನಗಳಿಗೂ ಸಂಬಂಧವಿದೆ ಎಂದಿತು. ಆದರೆ ಕೊಲೆ, ದೊಂಬಿಯಂಥ ಅಪರಾಧಕ್ಕೆ ಆಟವೇ ಕಾರಣ ಎನ್ನಲು ಸಾಕಷ್ಟು ಆಧಾರವಿಲ್ಲ ಎಂದೂ ಹೇಳಿತು. ಒರಟು ಮಾತು ಬೇರೆ, ಕೊಲೆ ಬೇರೆ.

*ಹಾಗಾದರೆ ಹಿಂಸೆ ಎಲ್ಲಿಂದ ಬರುತ್ತದೆ?*

ಇದಕ್ಕೆ ಉತ್ತರ ಹುಡುಕಲು ನಾವು ಅಮೆರಿಕಕ್ಕೆ ಹೋಗಬೇಕಾಗಿಲ್ಲ. 1968ರ ಡಿಸೆಂಬರ್ 25ರಂದು ತಮಿಳುನಾಡಿನ ಕೀಳ್ವೆಣ್ಮಣಿಯಲ್ಲಿ 44 ಜನರನ್ನು ಗುಡಿಸಲಿನಲ್ಲಿ ಸುಟ್ಟರು. 2000ದ ಮಾರ್ಚ್ 11ರಂದು ನಮ್ಮದೇ ಕಂಬಾಲಪಲ್ಲಿಯಲ್ಲಿ 7 ಜನರನ್ನು ಸುಟ್ಟರು. 2006ರಲ್ಲಿ ಖೈರ್ಲಾಂಜಿಯಲ್ಲಿ ಒಂದೇ ಮನೆಯ ನಾಲ್ವರನ್ನು ಕೊಂದರು. ಕೊಂದವರು ಯಾವ ವಿಡಿಯೋ ಗೇಮ್ ಆಡಿ ಅದನ್ನು ಕಲಿತಿದ್ದರು?

ಅವರು ಕಲಿತದ್ದು ಮನೆಯ ಜಗಲಿಯಲ್ಲಿ, ಬಾವಿಕಟ್ಟೆಯಲ್ಲಿ, ಬೇರೆ ಲೋಟ ಇಟ್ಟ ಚಹಾದಂಗಡಿಯಲ್ಲಿ. ಎದುರಿಗಿರುವವನು ನನ್ನಂಥ ಮನುಷ್ಯನಲ್ಲ ಎಂಬ ಪಾಠ ಅಲ್ಲಿ ಹುಟ್ಟಿದಾಗಿನಿಂದ ನಡೆಯುತ್ತದೆ. ಎಲ್ಲ ಹಿಂಸೆಗೂ ಮೊಬೈಲನ್ನೇ ಹೊಣೆ ಮಾಡಿದರೆ ಈ ಪಾಠಶಾಲೆ ಯಾರ ಕಣ್ಣಿಗೂ ಬೀಳುವುದಿಲ್ಲ. ಬಾಬಾಸಾಹೇಬರ ಮಕ್ಕಳಾದ ನಾವು ಇದನ್ನು ಮರೆಯಬಾರದು.

*ಧಮ್ಮ ಏನು ಹೇಳುತ್ತದೆ?*

ಚೇತನವೇ, ಅಂದರೆ ಸಂಕಲ್ಪವೇ ಕಮ್ಮ ಎಂಬುದು ಬುದ್ಧರ ಬೋಧನೆ. ಬಾಬಾಸಾಹೇಬರು 'ಬುದ್ಧ ಮತ್ತು ಆತನ ಧಮ್ಮ'ದಲ್ಲಿ ಅಹಿಂಸೆಯನ್ನು ವಿವರಿಸುವಾಗ ಕೊಲ್ಲುವ ಇಚ್ಛೆ ಬೇರೆ, ಕೊಲ್ಲಬೇಕಾದ ಅಗತ್ಯ ಬೇರೆ ಎಂದು ವಿಂಗಡಿಸುತ್ತಾರೆ. ನೋಡಬೇಕಾದದ್ದು ಮನಸ್ಸಿನ ಇಚ್ಛೆಯನ್ನು. ಪರದೆಯ ಮೇಲೆ ಬಿದ್ದ ಬೊಂಬೆಗೆ ಜೀವವಿಲ್ಲ, ಅದಕ್ಕೆ ಜೀವವಿಲ್ಲವೆಂದು ಹುಡುಗನಿಗೂ ಗೊತ್ತು. ಆದ್ದರಿಂದ ಅಲ್ಲಿ ಪ್ರಾಣಹತ್ಯೆ ನಡೆದಿಲ್ಲ, ಶೀಲ ಮುರಿದಿಲ್ಲ. ಆ ತಾಯಂದಿರು ಈ ವಿಷಯದಲ್ಲಿ ನೆಮ್ಮದಿಯಾಗಿರಲಿ.

ಆದರೆ ಆಡುವವನ ಮನಸ್ಸು ಏನಾಗುತ್ತಿದೆ ಎಂಬ ಪ್ರಶ್ನೆ ಉಳಿಯುತ್ತದೆ. ಸಂಯುತ್ತ ನಿಕಾಯದಲ್ಲಿ ತಾಲಪುಟನೆಂಬ ನಟರ ಮುಖಂಡನ ಪ್ರಸಂಗ ಬರುತ್ತದೆ. ಜನರನ್ನು ನಗಿಸಿ ರಂಜಿಸುವ ನಟನಿಗೆ ಸತ್ತ ಮೇಲೆ ಒಳ್ಳೆಯ ಗತಿ ಸಿಗುತ್ತದೆಯೇ ಎಂದು ಆತ ಕೇಳುತ್ತಾನೆ. ಬುದ್ಧರು ಮೊದಲು ಉತ್ತರಿಸಲು ಒಪ್ಪುವುದಿಲ್ಲ. ಮತ್ತೆ ಮತ್ತೆ ಕೇಳಿದ ಮೇಲೆ ಹೇಳುವುದಿಷ್ಟು: ಜನರಲ್ಲಿ ರಾಗ, ದ್ವೇಷ, ಮೋಹ ಮೊದಲೇ ಇವೆ, ನೀನು ಅವುಗಳನ್ನು ಇನ್ನಷ್ಟು ಕೆರಳಿಸುತ್ತೀ. ಆಟ ದ್ವೇಷವನ್ನು ಹುಟ್ಟಿಸುವುದಿಲ್ಲ, ಇರುವ ಕೆಂಡಕ್ಕೆ ಗಾಳಿ ಹಾಕಬಹುದು. ಕೆಂಡವೇ ಇಲ್ಲದ ಕಡೆ ಗಾಳಿ ಏನು ಮಾಡೀತು?

ನಮ್ಮ ಶಾಲೆಯ ಹುಡುಗರು ಗುಂಪಾಗಿ ಆಡುವಾಗ ನಾನು ಕಿವಿಗೊಟ್ಟು ಕೇಳಿದ್ದೇನೆ. ಅವರ ಬಂದೂಕಿನ ಸದ್ದಿನಿಂದ ನನಗೆ ಭಯವಾಗಿಲ್ಲ. ಸೋತವನ ಜಾತಿ ಎತ್ತಿ, ತಾಯಿಯ ಹೆಸರು ಹಿಡಿದು ಬೈಯುವುದನ್ನು ಕೇಳಿದಾಗ ಭಯವಾಗಿದೆ. ಆ ಬೈಗುಳ ಆಟದ ಒಳಗಿರಲಿಲ್ಲ, ಊರಿನಿಂದ ಬಂದದ್ದು. ಇಲ್ಲಿ ಮುರಿಯುತ್ತಿರುವುದು ಮೊದಲನೇ ಶೀಲವಲ್ಲ, ಸಮ್ಯಕ್ ವಾಚಾ.

ಸಿಗಾಲೋವಾದ ಸುತ್ತದಲ್ಲಿ ಬುದ್ಧರು ಗೃಹಸ್ಥರ ಸಂಪತ್ತು ಸೋರಿಹೋಗುವ ಆರು ದಾರಿಗಳನ್ನು ಹೇಳುತ್ತಾರೆ. ಆಟನೋಟಗಳ ಗೀಳೂ ಅದರಲ್ಲಿ ಒಂದು. ನಮ್ಮ ಮಕ್ಕಳ ಸಂಪತ್ತೆಂದರೆ ಸಮಯ. ಲಂಡನ್ನಿನ ಗ್ರಂಥಾಲಯದಲ್ಲಿ ಬೆಳಗಿನಿಂದ ಬಾಗಿಲು ಹಾಕುವವರೆಗೂ ಓದಿದ ಬಾಬಾಸಾಹೇಬರು ಆ ಸಮಯದಿಂದಲೇ ನಮ್ಮ ಬದುಕು ಕಟ್ಟಿಕೊಟ್ಟರು. ರಾತ್ರಿ ಎರಡರವರೆಗೆ ಆಡಿ, ತರಗತಿಯಲ್ಲಿ ತೂಕಡಿಸುವ ಮಗು ಕೊಲೆಗಾರನಾಗುವುದಿಲ್ಲ, ಆದರೆ ಎಸೆಸೆಲ್ಸಿಯಲ್ಲಿ ಹಿಂದೆ ಬೀಳುತ್ತದೆ. ಆಟದ ಗೀಳನ್ನು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಕಾಯಿಲೆಗಳ ಪಟ್ಟಿಗೆ ಸೇರಿಸಿದೆ. ಮೊಬೈಲ್, ಇಂಟರ್ನೆಟ್ ಗೀಳಿನಿಂದ ಹೊರಬರಲಾಗದವರಿಗಾಗಿಯೇ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದ ಪ್ರತ್ಯೇಕ ಕ್ಲಿನಿಕ್ ಇದೆ. ಅಲ್ಲಿಗೆ ಹೋಗಲು ನಾಚಿಕೆ ಬೇಡ.

ಕೊನೆಯದಾಗಿ, ತಂದೆಯರಿಗೆ ಒಂದು ಮಾತು. ಹಿಂಸೆಯ ಆಟ ಬಿಡಿಸಲು ಬೆಲ್ಟಿನಿಂದ ಹೊಡೆಯುವ ಮನೆಗಳು ನಮ್ಮಲ್ಲಿವೆ. ಪರದೆಯ ಮೇಲಿನ ಏಟು ಸುಳ್ಳೆಂದು ಮಗುವಿಗೆ ಗೊತ್ತು, ಅಪ್ಪನ ಏಟು ನಿಜ. ಬಲ ಇದ್ದವನು ಹೊಡೆಯಬಹುದು ಎಂಬುದನ್ನು ಅದು ಯಾವುದರಿಂದ ಕಲಿಯುತ್ತದೆ? ನೀವೇ ಹೇಳಿ.

*ಇಂದಿನ ಅಭ್ಯಾಸ*

1. ಮಗ ಅಥವಾ ಮಗಳು ಆಡುವಾಗ ಹತ್ತು ನಿಮಿಷ ಪಕ್ಕದಲ್ಲಿ ಕುಳಿತು ನೋಡಿ. ಬೈಯಬೇಡಿ. ಆಟವನ್ನು ವಿವರಿಸಲು ಕೇಳಿ.
2. ಆಡುವ ಹೊತ್ತನ್ನು ಮಗುವಿನೊಡನೆ ಕೂತು ನಿಗದಿ ಮಾಡಿ. ಮಲಗುವಾಗ ಎಲ್ಲರ ಮೊಬೈಲೂ, ನಿಮ್ಮದೂ ಸೇರಿ, ಒಂದೇ ಕಡೆ ಇರಲಿ.
3. ಆಟದಲ್ಲಿ ಜಾತಿ ಹಿಡಿದು, ಹೆಣ್ಣನ್ನು ಹಿಡಿದು ಬೈದರೆ ಅಲ್ಲಿಗೆ ಆಟ ನಿಲ್ಲಬೇಕು. ಈ ನಿಯಮ ಮನೆಯ ದೊಡ್ಡವರಿಗೂ ಅನ್ವಯ.

ಅನುಭವಗಳನ್ನು ಭಾನುವಾರದ ಅಧ್ಯಯನ ವರ್ಗದಲ್ಲಿ ಹಂಚಿಕೊಳ್ಳೋಣ. ಮಕ್ಕಳನ್ನೂ ಕರೆತನ್ನಿ, ಅವರ ಮಾತನ್ನೂ ಕೇಳೋಣ.

ಎಲ್ಲರಿಗೂ ಮಂಗಳವಾಗಲಿ. ಸಾಧು, ಸಾಧು, ಸಾಧು.
ಜೈ ಭೀಮ್.