ಭಾವನಿಗೆ ಆದದ್ದು ಗ್ಯಾಸ್ ಅಲ್ಲ

ಭದ್ರಾವತಿಯ ನಮ್ಮ ಬಳಗದ ಮದುವೆ-ಮುಂಜಿಗಳಲ್ಲಿ ಈಗ ನನ್ನ ಹೆಸರಿಗೊಂದು ಬಾಲ ಸೇರಿಕೊಂಡಿದೆ: 'ಗಂಡನ ಅಣ್ಣ ಸಾಯೋ ಹಾಗಿದ್ರೂ ಬಿಟ್ಟು ಹಿಮ ನೋಡೋಕೆ ಹೋದೋಳು.' ಎದುರಿಗೆ ಯಾರೂ ಅನ್ನುವುದಿಲ್ಲ. ಊಟಕ್ಕೆ ಎಲೆ ಮುಂದೆ ಕೂತಾಗ ಹಿಂದಿನ ಸಾಲಿನಿಂದ ಕೇಳಿಸುತ್ತದೆ. ಭಾವ ಈಗ ಗಟ್ಟಿಮುಟ್ಟಾಗಿದ್ದಾರೆ, ಹೋಟೆಲ್ಲಿಗೆ ನಡೆದುಕೊಂಡೇ ಹೋಗಿ ಮಸಾಲೆದೋಸೆ ತಿಂದು ಬರುತ್ತಾರೆ. ಆದರೂ ಮಾತು ನಿಂತಿಲ್ಲ. ಅದಕ್ಕೇ ನಡೆದದ್ದನ್ನು ನಡೆದ ಹಾಗೆ ಬರೆಯುತ್ತಿದ್ದೇನೆ. ಏಜೆನ್ಸಿಯ ಹಂಗಿಲ್ಲದೆ ಗೋಮುಖಕ್ಕೆ ಹೊರಡುವವರಿಗೆ ಇದರಿಂದ ಉಪಯೋಗವಾದರೆ ಅದೂ ಆಗಲಿ.

ಆಸೆ ನನ್ನದೇ. ಮಾಚೇನಹಳ್ಳಿ ಕೈಗಾರಿಕಾ ಪ್ರದೇಶದ ಒಂದು ಫೌಂಡ್ರಿಯಲ್ಲಿ ಅಕೌಂಟ್ಸ್ ನೋಡಿಕೊಳ್ಳುತ್ತೇನೆ. ಸಕ್ರೆಬೈಲಿನ ಆನೆ, ತ್ಯಾವರೆಕೊಪ್ಪದ ಸಿಂಹ, ಮಂಡಗದ್ದೆಯ ಹಕ್ಕಿ, ಇವೆಲ್ಲ ಚಿಕ್ಕಂದಿನಿಂದ ನೋಡಿದ್ದೇ. ಅಮೆರಿಕದಲ್ಲಿರುವ ನಮ್ಮ ಚಿಕ್ಕಪ್ಪನ ಮಗಳು ಅಲಾಸ್ಕಾದ ಹಿಮನದಿ, ಕರಡಿಗಳ ಫೋಟೊ ಕಳಿಸುತ್ತಲೇ ಇದ್ದಳು. ವೀಸಾ, ಡಾಲರು ಎಲ್ಲ ಲೆಕ್ಕ ಹಾಕಿದಾಗ ಅದು ನಮ್ಮ ಕೈಗೆಟುಕುವುದಲ್ಲ ಅನ್ನಿಸಿತು. ಉತ್ತರಾಖಂಡದಲ್ಲಿ ಸುಮಾರು 30 ಕಿಲೋಮೀಟರ್ ಉದ್ದದ ಗಂಗೋತ್ರಿ ಹಿಮನದಿ ಇದೆ. ಅದು ಇರುವ ಗಂಗೋತ್ರಿ ರಾಷ್ಟ್ರೀಯ ಉದ್ಯಾನದಲ್ಲಿ ಭರಲ್ ಎಂಬ ಕಾಡುಕುರಿ, ಕಸ್ತೂರಿಮೃಗ, ಕಂದು ಕರಡಿ, ಹಿಮ ಚಿರತೆ ಎಲ್ಲ ಇವೆ. ಕರ್ನಾಟಕ ಎಕ್ಸ್‌ಪ್ರೆಸ್ ಹತ್ತಿದರೆ ದಿಲ್ಲಿ, ಅಲ್ಲಿಂದ ಋಷಿಕೇಶ, ಉತ್ತರಕಾಶಿ, ಗಂಗೋತ್ರಿ. ಚಾರ್‌ಧಾಮ್ ಪ್ಯಾಕೇಜಿನವರು ಗಂಗೋತ್ರಿ ಗುಡಿ ತೋರಿಸಿ ಬಸ್ಸು ತಿರುಗಿಸುತ್ತಾರೆ. ಹಿಮನದಿಯ ಬಾಯಿಯಾದ ಗೋಮುಖದವರೆಗಿನ ಮುಂದಿನ 18 ಕಿಲೋಮೀಟರ್ ಕಾಲ್ನಡಿಗೆ ಅವರ ಪಟ್ಟಿಯಲ್ಲೇ ಇರುವುದಿಲ್ಲ. ಹಾಗಾಗಿ ನಾವೇ ಹೊರಡುವುದೆಂದು ನಿಶ್ಚಯಿಸಿದೆ.

ಮನೆಯಲ್ಲಿ ಗದ್ದಲವಾಯಿತು. 2024ರ ಜೂನ್‌ನಲ್ಲಿ ಅದೇ ಉತ್ತರಕಾಶಿ ಕಡೆಯ ಸಹಸ್ರತಾಲ್‌ಗೆ ಹೋಗಿದ್ದ ಕರ್ನಾಟಕದ ಚಾರಣಿಗರ ತಂಡ ಹಿಮಗಾಳಿಗೆ ಸಿಕ್ಕಿ 9 ಜನ ತೀರಿಕೊಂಡದ್ದನ್ನು ಎಲ್ಲರೂ ಟೀವಿಯಲ್ಲಿ ನೋಡಿದ್ದರು. 'ಹೆಂಗಸರಿಗೆ ಇದೆಲ್ಲ ಯಾಕೆ' ಅಂದರು ಅತ್ತೆ. 'ಹಾಗಾದ್ರೆ ನಾನೂ ಬರ್ತೀನಿ, ಜೊತೆಗೆ ಹಿರಿಯರೊಬ್ಬರು ಇರಲಿ' ಅಂದರು ಭಾವ. ಅವರು ಭದ್ರಾವತಿ ಕಬ್ಬಿಣದ ಕಾರ್ಖಾನೆಯಿಂದ ನಿವೃತ್ತರಾದವರು. 'ವರ್ಷಗಟ್ಟಲೆ ಫರ್ನೇಸ್ ಮುಂದೆ ನಿಂತೋನು ನಾನು. ಚಳಿ ನನಗೇನು ಮಾಡುತ್ತಮ್ಮ?' ಎನ್ನುವುದು ಅವರ ವಾದ. ಚಳಿ ಏನೂ ಮಾಡಲಿಲ್ಲ, ಅದು ನಿಜ.

ನನ್ನ ಯೋಜನೆಯನ್ನು ಇಲ್ಲಿ ಬಿಡಿಸಿ ಹೇಳಲೇಬೇಕು, ಏಕೆಂದರೆ ಜಗಳವಿರುವುದೇ ಅದರಲ್ಲಿ. ಶಿವಮೊಗ್ಗ ಸಮುದ್ರಮಟ್ಟದಿಂದ 600 ಮೀಟರ್ ಕೂಡ ಎತ್ತರವಿಲ್ಲ. ಉತ್ತರಕಾಶಿ ಸುಮಾರು 1,150, ಹರ್ಸಿಲ್ 2,600ರ ಆಸುಪಾಸು, ಗಂಗೋತ್ರಿ 3,100, ಭೋಜ್‌ಬಾಸಾ 3,800, ಗೋಮುಖ 4,000ದ ಹತ್ತಿರ. 2,500 ಮೀಟರ್ ದಾಟಿದ ಮೇಲೆ ಎತ್ತರದ ಕಾಯಿಲೆ ಯಾರಿಗೆ ಬೇಕಾದರೂ ಬರಬಹುದು. ಗಟ್ಟಿ ಆಳು ಅನ್ನುವುದು ಅದಕ್ಕೆ ಲೆಕ್ಕಕ್ಕಿಲ್ಲ. 3,000 ದಾಟಿದ ಮೇಲೆ ಮಲಗುವ ಜಾಗವನ್ನು ರಾತ್ರಿಗೆ 500 ಮೀಟರಿಗಿಂತ ಹೆಚ್ಚು ಏರಿಸಬಾರದು ಎನ್ನುತ್ತಾರೆ ವೈದ್ಯರು. ಗಂಗೋತ್ರಿಯಿಂದ ಭೋಜ್‌ಬಾಸಾಕ್ಕೆ ಒಂದೇ ದಿನಕ್ಕೆ 700 ಮೀಟರ್ ಏರಬೇಕಾಗುತ್ತದೆ. ಹಾಗಾಗಿ ಕೆಳಗೇ ಹೆಚ್ಚು ರಾತ್ರಿ ಕಳೆದು ಮೈಯನ್ನು ಪಳಗಿಸಿಕೊಳ್ಳಬೇಕು. ಹರ್ಸಿಲ್‌ನಲ್ಲೂ ಗಂಗೋತ್ರಿಯಲ್ಲೂ ಒಂದೊಂದು ದಿನ ಸುಮ್ಮನೆ ಇರುವುದಕ್ಕೆಂದೇ ಇಟ್ಟಿದ್ದೆ. ಕ್ಯಾಲೆಂಡರಿನಲ್ಲಿ ಆ ಮನೆಗಳಿಗೆ 'ಏನೂ ಇಲ್ಲ' ಎಂದು ಬರೆದಿದ್ದೆ.

ತಯಾರಿಯ ವಿಷಯ ಬೇಗ ಮುಗಿಸುತ್ತೇನೆ. ಸೋಗಾನೆ ವಿಮಾನ ನಿಲ್ದಾಣದ ಕಡೆಗೆ ದಿನಾ ಬೆನ್ನಿಗೆ ಚೀಲ ಹಾಕಿಕೊಂಡು ನಡೆದೆವು. ಒಂದು ಭಾನುವಾರ ಕೊಡಚಾದ್ರಿ ಹತ್ತಿದೆವು. ಭಾವ ಜೀಪಿನಲ್ಲಿ ಬಂದರು. ಫಿಟ್‌ನೆಸ್ ಸರ್ಟಿಫಿಕೇಟನ್ನು ನಾನು, ನಮ್ಮವರು, ಭಾವ ಮೂವರೂ ಮಾಡಿಸಿಕೊಂಡು ಹೋಗಬೇಕೆಂದು ನಾನು ಹಟ ಹಿಡಿದೆ. ಭಾವನ ಪರಿಚಯದ ಡಾಕ್ಟರೊಬ್ಬರು ಬಿ.ಪಿ. ನೋಡುವ ಪಟ್ಟಿಯನ್ನೂ ಕಟ್ಟದೆ, 'ನಿಮಗೇನ್ರೀ, ಕಬ್ಬಿಣ' ಎಂದು ನಕ್ಕು ಸಹಿ ಹಾಕಿ ಕೊಟ್ಟರು. ಹೆಸರು ಬೇಡ. ಇದನ್ನು ಓದಿದರೆ ಅವರಿಗೇ ಗೊತ್ತಾಗುತ್ತದೆ.

ಹರ್ಸಿಲ್ ತಲುಪುವವರೆಗೆ ಎಲ್ಲ ಸರಿಯಾಗಿತ್ತು. ಮೇ ಕೊನೆಯ ವಾರ. ದೇವದಾರು ಮರ, ಸೇಬಿನ ತೋಟ, ಕೆಳಗೆ ಭಾಗೀರಥಿ. ಸಂಜೆ ಪಕ್ಕದ ಧರಾಲಿಗೆ ನಡೆದುಹೋಗಿ ಚಹಾ ಕುಡಿದೆವು. ಆ ಮಳೆಗಾಲದಲ್ಲೇ, 2025ರ ಆಗಸ್ಟ್ 5ರಂದು, ಖೀರ್ ಗಂಗಾ ಹಳ್ಳ ಉಕ್ಕಿ ಧರಾಲಿಯ ಪೇಟೆಯನ್ನು ಕೆಸರಿನಡಿ ಹೂತುಬಿಟ್ಟಿತು. ನಮಗೆ ಚಹಾ ಕೊಟ್ಟವರು ಏನಾದರೋ ಎಂದು ಈಗಲೂ ನೆನಪಾಗುತ್ತದೆ. ಆ ಕಣಿವೆಗೆ ಮಳೆಗಾಲದಲ್ಲಿ ಹೋಗಬಾರದು ಎನ್ನುವುದಕ್ಕೆ ಇದಕ್ಕಿಂತ ಬೇರೆ ಕಾರಣ ಬೇಡ. ಮೇ-ಜೂನ್, ಇಲ್ಲವೇ ಸೆಪ್ಟೆಂಬರ್ ಕೊನೆಯಿಂದ ದೀಪಾವಳಿಗೆ ಗಂಗೋತ್ರಿ ಗುಡಿ ಬಾಗಿಲು ಹಾಕುವವರೆಗೆ ಹೋಗಬಹುದು.

ಆ ರಾತ್ರಿ ಊಟದ ಹೊತ್ತಿಗೆ ಭಾವ ಬಾಯಿಬಿಟ್ಟರು. ಭದ್ರಾವತಿಯಲ್ಲಿ ಯಾರದೋ ಗೃಹಪ್ರವೇಶವಂತೆ. ಅದಕ್ಕೆಂದು ನಮಗೆ ತಿಳಿಸದೆ ತಮ್ಮದೊಂದು ವಾಪಸ್ ಟಿಕೆಟ್ ಬೇರೆ ಮಾಡಿಸಿಕೊಂಡಿದ್ದಾರೆ, ನಮ್ಮದಕ್ಕಿಂತ ಮೊದಲಿನದು. 'ಈ ಏನೂ ಇಲ್ಲದ ದಿನ ಯಾಕಮ್ಮ? ನಾಳೆ ಗಂಗೋತ್ರಿ, ನಾಡಿದ್ದು ಮೇಲೆ. ಸುಮ್ಮನೆ ಕೂತು ಲಾಡ್ಜಿಗೆ ದುಡ್ಡು ಸುರಿಯೋದಾ?' ನಾನು ಪಟ್ಟಿ ತೋರಿಸಿದೆ, ಮೀಟರಿನ ಲೆಕ್ಕ ಹೇಳಿದೆ. ನಮ್ಮವರ ಮುಖ ನೋಡಿದೆ. ಅವರು ಅಣ್ಣನ ಎದುರು ಎಂದಾದರೂ ಇಲ್ಲ ಅಂದಿದ್ದಾರೆಯೇ? ತಲೆಯಾಡಿಸಿದರು. ಖಾಲಿ ದಿನಗಳೆರಡೂ ಅಲ್ಲೇ ಹೋದವು.

ಗಂಗೋತ್ರಿಯಿಂದ ಮೇಲಕ್ಕೆ ದಿನಕ್ಕೆ 150 ಜನರಿಗಷ್ಟೇ ಅನುಮತಿ. ನಮ್ಮ ಪರ್ಮಿಟ್ ಮೊದಲೇ ಆಗಿತ್ತು. ಜೊತೆಗೆ ಒಬ್ಬ ನೇಪಾಳಿ ಹುಡುಗನನ್ನು ಹೊರೆಗೂ ದಾರಿಗೂ ಇಟ್ಟುಕೊಂಡೆವು. ಚೀರ್‌ಬಾಸಾದವರೆಗಿನ 9 ಕಿಲೋಮೀಟರ್ ಭಾವನೇ ಮುಂದೆ. ಅಲ್ಲಿಂದ ಮುಂದೆ ಗೀಲಾ ಪಹಾಡ್ ಎಂಬ ಜಾಗ. ಸಡಿಲ ಮಣ್ಣು-ಕಲ್ಲಿನ ಕಡಿದಾದ ಇಳಿಜಾರಿನ ಮೇಲೆ ಒಂದಾಳು ಅಗಲದ ದಾರಿ. ಮೇಲಿಂದ ಕಲ್ಲು ಉರುಳುತ್ತಿರುತ್ತವೆ. ಬಿಸಿಲೇರಿ ಹಿಡಿತ ಬಿಟ್ಟಾಗ, ಗಾಳಿ ಬೀಸಿದಾಗ ಮಾತ್ರವಲ್ಲ, ಮೇಲೆ ಭರಲ್ ಹಿಂಡು ಓಡಾಡಿದರೂ ಸಾಕು. ನಾನು ಯಾವ ಪ್ರಾಣಿ ನೋಡಲು ಅಷ್ಟು ದೂರ ಹೋಗಿದ್ದೆನೋ ಅದರ ಕಾಲಿನಿಂದಲೇ ಕಲ್ಲು ಉದುರುವುದು. ಅಲ್ಲಿ ನಿಲ್ಲಬಾರದು, ಫೋಟೊ ತೆಗೆಯಬಾರದು, ಬೇಗ ದಾಟಬೇಕು. ದಾಟಿದೆವು.

ಭೋಜ್‌ಬಾಸಾದಲ್ಲಿ ಭಾವ ರೊಟ್ಟಿ ಮುಟ್ಟಲಿಲ್ಲ. ತಲೆನೋವು. 'ಗ್ಯಾಸ್' ಅಂದರು. ರಾತ್ರಿ ಎರಡು ಸಲ ವಾಂತಿ ಮಾಡಿಕೊಂಡರು. 'ಆ ಪರಾಠದ ಗ್ಯಾಸ್.' ಕೊರೊನಾ ಕಾಲದಲ್ಲಿ ತಂದಿಟ್ಟಿದ್ದ ಆಕ್ಸಿಮೀಟರ್ ಬೆರಳಿಗೆ ಹಾಕಿದೆ. ನನ್ನದು 86 ತೋರಿಸಿತು, ಅವರದು 67. 'ನಿನ್ನ ಮಿಷನ್ ಕೆಟ್ಟಿದೆ' ಎಂದು ಆಚೆ ತಿರುಗಿ ಮಲಗಿದರು. ನಿದ್ದೆ ಬರಲೆಂದು ಮಾತ್ರೆ ಕೇಳಿದರು, ನಾನು ಕೊಡಲಿಲ್ಲ. ಎತ್ತರದಲ್ಲಿ ನಿದ್ದೆ ಮಾತ್ರೆ ಉಸಿರನ್ನು ಇನ್ನಷ್ಟು ತಗ್ಗಿಸುತ್ತದೆ. ಬೆಳಕು ಹರಿಯುವ ಹೊತ್ತಿಗೆ ಹೊರಗೆ ಹೋಗಲು ಎದ್ದವರು ಕುಡಿದವರ ಹಾಗೆ ಒಂದು ಪಕ್ಕಕ್ಕೆ ವಾಲಿದರು. ನೇರ ಗೆರೆಯ ಮೇಲೆ ಹೆಜ್ಜೆ ಇಡಲಾಗದಿದ್ದರೆ ಅದು ಎತ್ತರದ ಕಾಯಿಲೆ ಮಿದುಳಿಗೆ ಏರುತ್ತಿರುವ ಲಕ್ಷಣ. ಅದಕ್ಕೆ ಮದ್ದು ಒಂದೇ, ಕೆಳಗಿಳಿಯುವುದು. 'ಇಷ್ಟು ದೂರ ಬಂದು ಗೋಮುಖ ನೋಡದೆ?' ಎಂದು ಅವರೇ ತಕರಾರು ತೆಗೆದರು. ಹುಡುಗ ಚೀಲ ಎತ್ತಿಕೊಂಡ. ನಾನು ಅವರ ಬೂಟಿನ ಲೇಸು ಕಟ್ಟಿದೆ.

ಗೀಲಾ ಪಹಾಡಿಗೆ ಬಂದಾಗ ಬಿಸಿಲು ಇನ್ನೂ ಎದುರು ಬೆಟ್ಟದ ತುದಿಯಲ್ಲಿತ್ತು. ಹುಡುಗ ಮುಂದೆ, ಅವನ ಹಿಂದೆ ಭಾವ, ಆಮೇಲೆ ನಾನು, ಕೊನೆಗೆ ನಮ್ಮವರು. ಅರ್ಧ ದಾರಿಯಲ್ಲಿ ಭಾವ ಕೂತುಬಿಟ್ಟರು. ಬಲಗಡೆ ಮೇಲಕ್ಕೆ ಸಡಿಲ ಕಲ್ಲು, ಎಡಗಡೆ ಕೆಳಗೆ ಭಾಗೀರಥಿ. 'ಐದೇ ನಿಮಿಷ. ಗ್ಯಾಸ್ ಇಳೀಲಿ.'

'ಭಾವ, ಇಲ್ಲಿ ಕೂರಬಾರದು. ಏಳಿ.'

'ಆಗಲ್ಲಮ್ಮ. ನೀವು ಹೋಗಿರಿ, ಬರ್ತೀನಿ.'

ಒಂದು ಕಲ್ಲು ಉರುಳಿತು. ತೆಂಗಿನಕಾಯಿಗಿಂತ ಚಿಕ್ಕದು, ನಮ್ಮ ಹಿಂದೆ ದಾರಿಗೆ ಬಡಿದು ಹಾರಿ ನದಿಯ ಕಡೆ ಹೋಯಿತು. ಅದು ಕೆಳಗೆ ಬಿದ್ದ ಸದ್ದು ಕೇಳಿಸಲಿಲ್ಲ, ನೀರಿನ ಮೊರೆತ ಅಷ್ಟಿತ್ತು. ಮೇಲೆ ನೋಡಿದೆ. ಬೂದು ಬಣ್ಣದ ಭರಲ್‌ಗಳು, ಮರಿಗಳ ಸಮೇತ, ನಿಧಾನಕ್ಕೆ ಅಡ್ಡ ಹೋಗುತ್ತಿದ್ದವು. ಹುಡುಗ ಆಚೆ ತುದಿಯಿಂದ ಕೈಬೀಸಿ ಕೂಗುತ್ತಿದ್ದ. ನಮ್ಮವರು ಹಿಂದಿನಿಂದ 'ಅಣ್ಣಾ, ಅಣ್ಣಾ' ಎನ್ನುತ್ತಿದ್ದರು, ಗುಡಿಯಲ್ಲಿ ಪ್ರಾರ್ಥನೆ ಮಾಡುವವರ ಹಾಗೆ. ಸಣ್ಣ ಕಲ್ಲುಗಳು ಮತ್ತೆ ಜಾರತೊಡಗಿದವು. ಭಾವ ಕಣ್ಣು ಮುಚ್ಚಿಕೊಂಡಿದ್ದರು. ತುಟಿ ನೀಲಿಯಾಗಿತ್ತು.

ಮದುವೆಯಾಗಿ ಬಂದಾಗಿನಿಂದ ಅವರೆದುರು ದನಿ ಎತ್ತಿದವಳಲ್ಲ ನಾನು. ಆವತ್ತು ಅವರ ಜಾಕೆಟ್ಟಿನ ಕಾಲರ್ ಹಿಡಿದು, 'ಏಳೋ! ಎದ್ದೇಳೋ ಮೇಲೆ! ಇಲ್ಲೇ ಸಾಯ್ತೀಯಾ?' ಎಂದು ಕಿರುಚಿದೆ. ಭಾವ ಕಣ್ಣು ಬಿಟ್ಟರು. ಕಲ್ಲಿಗೆ ಹೆದರದವರು ಆ ಮಾತಿಗೆ ಬೆಚ್ಚಿಬಿದ್ದರು. ಎದ್ದರು. ಕಂಕುಳಿಗೆ ಕೈಹಾಕಿ, ದೂಡಿ, ಎಳೆದು ಆಚೆ ದಾಟಿಸಿದೆ. ದಾಟಿದ ಮೇಲೆ ನನ್ನ ಕಾಲು ನಡುಗಿದ್ದು ಎಷ್ಟೆಂದರೆ ನಿಲ್ಲಲಾಗದೆ ದಾರಿಯಲ್ಲೇ ಕೂತೆ. ನಮ್ಮವರು ಬಂದು ಮೊದಲು ಹೇಳಿದ ಮಾತು: 'ಅಣ್ಣನಿಗೆ ಹಂಗನ್ನಬಾರದಿತ್ತು.'

ಚೀರ್‌ಬಾಸಾದಲ್ಲಿ ಭಾವ ಚಹಾ ಕುಡಿದರು, ಬಿಸ್ಕತ್ತು ತಿಂದರು. ಆಕ್ಸಿಮೀಟರ್ 79 ತೋರಿಸಿತು, ಹೆಜ್ಜೆ ನೆಟ್ಟಗಾಯಿತು. 'ಗ್ಯಾಸ್ ಇಳೀತು ನೋಡು' ಅಂದರು. ಅಲ್ಲಿಂದ ಗಂಗೋತ್ರಿಗೆ ಇಳಿಜಾರು, ಒಳ್ಳೆಯ ದಾರಿ. ಜೊತೆಗೆ ತಮ್ಮ ಇದ್ದರು, ಹುಡುಗ ಇದ್ದ. ಅಷ್ಟರಲ್ಲಿ ಗಂಗೋತ್ರಿ ಕಡೆಯಿಂದ ಕೋಲ್ಕತ್ತದ ಗಂಡ-ಹೆಂಡತಿ ಗೈಡ್ ಸಮೇತ ಮೇಲೆ ಬಂದರು. ನನ್ನ ಪರ್ಮಿಟ್‌ಗೆ ಇನ್ನೂ ಅವಧಿ ಇತ್ತು, ನನಗೆ ತಲೆನೋವೂ ಇರಲಿಲ್ಲ. 'ನೀನು ಹೋಗಿ ಬಾ' ಎಂದವರು ನಮ್ಮವರೇ. ಬಳಗದ ಮುಂದೆ ಈ ಒಂದು ವಾಕ್ಯ ಹೇಳಲು ಅವರಿಗೆ ಇವತ್ತಿಗೂ ಬಾಯಿ ಬಂದಿಲ್ಲ. ನಾನು ಹೋದೆ. ಇಳಿಯಬೇಕಾದವರು ಇಳಿಯುತ್ತಿದ್ದರು, ನೋಡಿಕೊಳ್ಳುವವರು ಜೊತೆಗಿದ್ದರು. ನಾನೂ ಇಳಿದಿದ್ದರೆ ಭಾವನ ಆಮ್ಲಜನಕ ಒಂದಂಕಿಯೂ ಏರುತ್ತಿರಲಿಲ್ಲ.

ಮರುದಿನ ಬೆಳಿಗ್ಗೆ ಗೋಮುಖದ ದಾರಿಯಲ್ಲಿ ಭರಲ್‌ಗಳು ಹತ್ತಿರದಲ್ಲೇ ಮೇಯುತ್ತಿದ್ದವು. ತಲೆಯ ಮೇಲೆ ಗಡ್ಡದ ರಣಹದ್ದೊಂದು ಸುತ್ತು ಹಾಕಿತು. ಹಿಮನದಿಯ ಬಾಯಿ ಮೊದಲು ಕಂಡಾಗ ಪಿಚ್ಚೆನ್ನಿಸಿತು. ನಮ್ಮ ಫೌಂಡ್ರಿ ಹಿಂದೆ ಸುರಿದ ಸುಟ್ಟ ಮರಳಿನ ರಾಶಿಯ ಹಾಗೆ ಬೂದಾಗಿ, ಕಲ್ಲು-ಮಣ್ಣು ಹೊದ್ದುಕೊಂಡಿತ್ತು. ಬಿಸಿಲು ಬಿದ್ದ ಮೇಲೆ ಬಿರುಕಿನೊಳಗಿನ ನೀಲಿ ಕಾಣಿಸಿತು. ಕೆಳಗಿನಿಂದ ಭಾಗೀರಥಿ ಕೆಸರಾಗಿ ನುಗ್ಗುತ್ತಿತ್ತು. ಹಿಂದೆ ಭಾಗೀರಥಿ ಶಿಖರಗಳು, ಒಂದು ಪಕ್ಕಕ್ಕೆ 6,543 ಮೀಟರಿನ ಶಿವಲಿಂಗ. ಈ ಹಿಮನದಿ ವರ್ಷಕ್ಕೆ ಸರಾಸರಿ 20 ಮೀಟರ್ ಆಸುಪಾಸು ಹಿಂದೆ ಸರಿಯುತ್ತಾ ಬಂದಿದೆ. ಬಾಯಿಯ ತೀರಾ ಹತ್ತಿರ ಹೋಗಬಾರದು, ಐಸಿನ ಹೆಬ್ಬಂಡೆಗಳು ಕಳಚಿ ಬೀಳುತ್ತವೆ. 2016ರ ಜುಲೈನಲ್ಲಿ ಮುಂಭಾಗದ ದೊಡ್ಡ ತುಂಡೇ ಕುಸಿದಿತ್ತು.

ಹಿಮ ಚಿರತೆ ಕಾಣಲಿಲ್ಲ. ಕಾಣುತ್ತದೆಂದು ಯಾರಾದರೂ ನಿಮಗೆ ಮಾತು ಕೊಟ್ಟರೆ ನಂಬಬೇಡಿ. 2024ರಲ್ಲಿ ಪ್ರಕಟವಾದ ದೇಶದ ಮೊದಲ ಸಮೀಕ್ಷೆಯ ಅಂದಾಜಿನಂತೆ ಭಾರತದಲ್ಲಿರುವುದೇ 718, ಅದರಲ್ಲಿ ಉತ್ತರಾಖಂಡದಲ್ಲಿ 124, ಲಡಾಖ್‌ನಲ್ಲಿ 477. ಅದನ್ನೇ ನೋಡಬೇಕೆನ್ನುವವರು ಚಳಿಗಾಲದಲ್ಲಿ ಲಡಾಖ್‌ಗೋ, ಸ್ಪಿತಿಯ ಕಿಬ್ಬರ್ ಹಳ್ಳಿಗೋ ಹೋಗುತ್ತಾರೆ. ನಮ್ಮ ಮೈಸೂರಿನ ನೇಚರ್ ಕನ್ಸರ್ವೇಶನ್ ಫೌಂಡೇಶನ್‌ನವರು ಬಹಳ ವರ್ಷಗಳಿಂದ ಹಿಮ ಚಿರತೆಯ ಕೆಲಸ ಮಾಡುತ್ತಿರುವುದೂ ಆ ಕಿಬ್ಬರ್ ಸುತ್ತಲೇ.

ಇನ್ನು ಹೊರಡುವವರಿಗೆ ನಾಲ್ಕು ಮಾತು. ಚಾರ್‌ಧಾಮ್ ನೋಂದಣಿ ಬೇರೆ, ಗೋಮುಖದ ಪರ್ಮಿಟ್ ಬೇರೆ, ಎರಡನ್ನೂ ಊರಿನಿಂದಲೇ ಮಾಡಿಕೊಳ್ಳಿ. ನಗದು ಇಟ್ಟುಕೊಳ್ಳಿ, ಗಂಗೋತ್ರಿಯಿಂದ ಮೇಲೆ ಮೊಬೈಲ್ ನೆಚ್ಚಬೇಡಿ. ಅವಲಕ್ಕಿ, ಚಟ್ನಿಪುಡಿ ಒಯ್ಯಿರಿ, ಖಾಲಿ ಪೊಟ್ಟಣ ವಾಪಸ್ ತನ್ನಿ. ಆಕ್ಸಿಮೀಟರ್ ಇರಲಿ, ಅದು ತೋರಿಸಿದ್ದನ್ನು ನಂಬಿ. ಡಯಾಮಾಕ್ಸ್ ಮಾತ್ರೆಯನ್ನು ವೈದ್ಯರನ್ನು ಕೇಳದೆ ನುಂಗಬೇಡಿ, ಸಲ್ಫಾ ಔಷಧ ಆಗದವರಂತೂ ಮೊದಲೇ ಹೇಳಿ. ಸರ್ಟಿಫಿಕೇಟನ್ನು ಪರಿಚಯದ ಡಾಕ್ಟರ ಹತ್ತಿರ ಮಾಡಿಸಬೇಡಿ.

ಇಷ್ಟನ್ನೂ ಮರೆತರೆ ಮರೆಯಿರಿ, ಒಂದನ್ನು ಬಿಡಬೇಡಿ. ಹೊರಡುವ ಮೊದಲು ಜೊತೆಗೆ ಬರುವವರೆಲ್ಲರ ವಾಪಸ್ ಟಿಕೆಟನ್ನು ಕೈಗೆ ತೆಗೆದುಕೊಂಡು ತಾರೀಕು ನೋಡಿ. ಒಬ್ಬರದು ಬೇರೆ ಇದ್ದರೂ, ಅವರು ಎಷ್ಟೇ ಹಿರಿಯರಾಗಿರಲಿ, ಅವರನ್ನು ಮನೆಯಲ್ಲೇ ಬಿಟ್ಟು ಹೋಗಿ.