‘ಕೈಯೇ ಬಿಡ್ತು ಟೀಚರ್’: ಪರಾವರ್ತಿತ ಕ್ರಿಯೆಯ ಪಾಠದಲ್ಲಿ ಕ್ರಿಯಾವಿಶೇಷಣಗಳು

ಬೋಧನಾಭ್ಯಾಸದ ಅವಧಿಯಲ್ಲಿ ಹೊರನಾಡಿನ ಸಮೀಪದ ಒಂದು ಕನ್ನಡ ಮಾಧ್ಯಮ ಪ್ರೌಢಶಾಲೆಯ ಹತ್ತನೇ ತರಗತಿಗೆ ‘ನಿಯಂತ್ರಣ ಮತ್ತು ಸಹಭಾಗಿತ್ವ’ ಘಟಕವನ್ನು ಬೋಧಿಸಿದೆ. ಪರಾವರ್ತಿತ ಕ್ರಿಯೆಯ ಪಾಠ ನನ್ನ ಮಟ್ಟಿಗೆ ಚೆನ್ನಾಗಿಯೇ ಆಯಿತು. ಚಿತ್ರಪಟ ತೂಗುಹಾಕಿದ್ದೆ, ಸಂವೇದನಾ ನರ, ಮೆದುಳುಬಳ್ಳಿ, ಕ್ರಿಯಾವಾಹಿ ನರ ಎಂದು ಬಾಣ ಎಳೆದು ತೋರಿಸಿದ್ದೆ. ಮೌಲ್ಯಮಾಪನದ ಹಂತದಲ್ಲಿ ‘ಅನೈಚ್ಛಿಕವಾಗಿ’ ಎಂಬ ಪದ ಬಳಸಿ ಒಂದು ಸ್ವಂತ ವಾಕ್ಯ ಬರೆಯಲು ಹೇಳಿದೆ. ಪಾಠಯೋಜನೆಯಲ್ಲಿ ಇಲ್ಲದ ಪ್ರಶ್ನೆ ಅದು, ಐದು ನಿಮಿಷ ಉಳಿದಿತ್ತೆಂದು ಕೇಳಿದ್ದು.

ಸಂಜೆ ನೋಟ್‌ಬುಕ್ ತೆರೆದಾಗ ಸಿಕ್ಕ ವಾಕ್ಯಗಳಲ್ಲಿ ಎರಡು ಹೀಗಿದ್ದವು: ‘ಭಾನುವಾರ ಅಪ್ಪ ಕರೆದರೆಂದು ನಾನು ಅನೈಚ್ಛಿಕವಾಗಿ ತೋಟಕ್ಕೆ ಹೋದೆ.’ ‘ತಂಗಿ ಕಹಿ ಔಷಧಿಯನ್ನು ಅನೈಚ್ಛಿಕವಾಗಿ ಕುಡಿದಳು.’ ಅರ್ಧಕ್ಕಿಂತ ಹೆಚ್ಚು ಮಕ್ಕಳು ಇದೇ ಜಾಡಿನಲ್ಲಿ ಬರೆದಿದ್ದರು. ಅವರ ತರ್ಕದಲ್ಲಿ ತಪ್ಪಿಲ್ಲ. ಇಚ್ಛೆ ಎಂದರೆ ಇಷ್ಟ, ಹಾಗಾದರೆ ಅನೈಚ್ಛಿಕ ಎಂದರೆ ಇಷ್ಟವಿಲ್ಲದ್ದು. ಅಣ್ಣ ಅಕ್ಕಂದಿರು ಕಾಲೇಜಿನಲ್ಲಿ ‘ಐಚ್ಛಿಕ ಕನ್ನಡ’ ತೆಗೆದುಕೊಂಡದ್ದನ್ನು ಕೇಳಿದವರೂ ಅವರಲ್ಲಿದ್ದರು. ಆದರೆ ಒಲ್ಲದ ಮನಸ್ಸಿನಿಂದ ತೋಟಕ್ಕೆ ಹೋಗುವವನು ಒಂದೊಂದು ಹೆಜ್ಜೆಯನ್ನೂ ತಾನೇ ಇಡುತ್ತಾನೆ. ಅದು ಪೂರ್ತಿ ಐಚ್ಛಿಕ ಕ್ರಿಯೆ. ಪದಕ್ಕೆ ಅರ್ಥ ಹೇಳಿದ್ದೇನೆಂದು ನಾನು ಭಾವಿಸಿದ್ದೆ, ಹೇಳಿದ್ದು ಇನ್ನೊಂದು ಸಂಸ್ಕೃತ ಪದವನ್ನು.

ಆ ನೋಟ್‌ಬುಕ್‌ಗಳ ನಡುವೆ ಒಬ್ಬ ಹುಡುಗಿಯ ಪುಟ ಖಾಲಿ ಇತ್ತು. ಎರಡು ದಿನ ಹಿಂದಿನ ಪ್ರಯೋಗದ ಅವಧಿಯಲ್ಲಿ ಆಕೆ ಸ್ಪಿರಿಟ್ ದೀಪದ ಮೇಲೆ ಪ್ರನಾಳ ಕಾಯಿಸುತ್ತಿದ್ದಳು. ಇಕ್ಕಳ ಸಾಲದೆ ಕಾಗದ ಮಡಚಿ ಹಿಡಿದಿದ್ದಳು, ನಾನೇ ಪರವಾಗಿಲ್ಲ ಎಂದಿದ್ದೆ. ಪ್ರನಾಳ ಕೆಳಗೆ ಬಿದ್ದು ಒಡೆಯಿತು. ‘ಬೇಕಂತ ಬೀಳಿಸಿದ್ಯಾ? ನಿಧಾನಕ್ಕೆ ಇಡೋಕ್ಕೆ ಆಗ್ಲಿಲ್ವಾ?’ ಎಂದು ಎಲ್ಲರೆದುರು ಬೈದೆ. ಬೆರಳಿಗೆ ತಣ್ಣೀರು ಹಾಕಿಸಬೇಕೆಂದು ಹೊಳೆದದ್ದು ಬೈದ ಮೇಲೆ. ಆಕೆ ಹೇಳಿದ್ದು ಇಷ್ಟೇ: ‘ನಾ ಬಿಟ್ಟದ್ದಲ್ಲ ಟೀಚರ್, ಕೈಯೇ ಬಿಡ್ತು.’

ಅಂದು ಅದು ನೆಪದಂತೆ ಕೇಳಿಸಿತ್ತು. ನೋಟ್‌ಬುಕ್ ತಿದ್ದುವಾಗ ನೋಡಿದರೆ ಅದು ಪರಾವರ್ತಿತ ಕ್ರಿಯೆಯ ನಿಖರವಾದ ವಿವರಣೆ. ಬಿಸಿಯ ಸಂದೇಶ ಮೆದುಳುಬಳ್ಳಿಗೆ ಹೋಗಿ ಅಲ್ಲಿಂದಲೇ ಸ್ನಾಯುವಿಗೆ ಆಜ್ಞೆ ಹೊರಡುತ್ತದೆ. ಮೆದುಳಿಗೂ ಸುದ್ದಿ ತಲುಪುತ್ತದೆ, ಆದರೆ ಉರಿ ಎಂದು ಅನ್ನಿಸುವಷ್ಟರಲ್ಲಿ ಕೈ ಹಿಂದಕ್ಕೆ ಬಂದಾಗಿರುತ್ತದೆ. ವಾಕ್ಯದ ಕರ್ತೃ ‘ನಾನು’ ಅಲ್ಲ, ‘ಕೈ’.

ಮಾರನೆಯ ದಿನ ಅದೇ ಪಾಠವನ್ನು ಮತ್ತೆ ಎತ್ತಿಕೊಂಡೆ. ಪಟ ಮಡಚಿಟ್ಟು, ಯೋಚಿಸದೆ ಆಗುವ ಕೆಲಸಕ್ಕೆ ನೀವು ಮನೆಯಲ್ಲಿ ಏನೇನು ಹೇಳುತ್ತೀರಿ ಎಂದು ಕೇಳಿದೆ. ತುಳು, ತಮಿಳು ಮನೆಮಾತಿನ ಮಕ್ಕಳೂ ಇದ್ದುದರಿಂದ ಮೊದಲು ಅವರವರ ಮಾತಿನಲ್ಲೇ ಹೇಳಲು ಬಿಟ್ಟೆ. ಕಪ್ಪುಹಲಗೆ ತುಂಬಿತು: ತಟ್ಟನೆ, ಚಕ್ಕನೆ, ಫಕ್ಕನೆ, ದಿಢೀರನೆ, ಗೊತ್ತಿಲ್ಲದ ಹಾಗೆ, ಅಕಸ್ಮಾತ್ತಾಗಿ, ಕೈತಪ್ಪಿ, ಬಾಯಿತಪ್ಪಿ, ತಾನಾಗಿ, ಸುಮ್ಮನೆ. ತಟ್ಟನೆ, ಸುಮ್ಮನೆ ಇವನ್ನು ಅವರು ಕನ್ನಡ ವ್ಯಾಕರಣದಲ್ಲಿ ಸಾಮಾನ್ಯಾವ್ಯಯಗಳೆಂದು ಓದಿದ್ದಾರೆ. ಆದರೆ ವಿಜ್ಞಾನದ ಅವಧಿಗೆ ಅವುಗಳನ್ನು ತರಬಹುದೆಂದು ಅವರಿಗೂ ಅನ್ನಿಸಿರಲಿಲ್ಲ, ನನಗೂ ಅನ್ನಿಸಿರಲಿಲ್ಲ.

ಪ್ರತಿ ಪದಕ್ಕೂ ಮೂರು ಪ್ರಶ್ನೆ ಕೇಳಿದೆವು. ಬೇಗ ಆಯಿತೇ? ಬೇಕೆಂದು ಮಾಡಿದ್ದೇ? ಆಗುವಾಗ ಗೊತ್ತಿತ್ತೇ? ‘ತಟ್ಟನೆ’ ಮೊದಲನೆಯದಕ್ಕೆ ಮಾತ್ರ ಉತ್ತರ ಹೇಳುತ್ತದೆ ಎಂಬುದನ್ನು ಅಳತೆಪಟ್ಟಿಯಿಂದ ತೋರಿಸಿದೆ. ಒಬ್ಬ ಅಳತೆಪಟ್ಟಿ ಬಿಡುವುದು, ಇನ್ನೊಬ್ಬ ಎರಡು ಬೆರಳಲ್ಲಿ ಹಿಡಿಯುವುದು. 20 ಸೆಂ.ಮೀ. ಜಾರಿದ ಮೇಲೆ ಹಿಡಿದರೆ ಸುಮಾರು 0.2 ಸೆಕೆಂಡು. ‘ತಟ್ಟನೆ ಹಿಡಿದೆ’ ಎನ್ನಬಹುದು, ಆದರೆ ಅದು ಕಣ್ಣಿಟ್ಟು ಕಾದು, ಹಿಡಿಯಬೇಕೆಂದೇ ಹಿಡಿದದ್ದು. ಪರಾವರ್ತಿತ ಕ್ರಿಯೆ ಅಲ್ಲ. ಇದಕ್ಕೆ ಉದಾಹರಣೆಯಾಗಿ ಇದೇ ಪ್ರಯೋಗವನ್ನು ಕೊಡಲು ಹೊರಟಿದ್ದ ನನ್ನ ಸಹಪಾಠಿಗಳು ಗಮನಿಸಬೇಕು. ಎದೆ ಬಡಿತ ಇದಕ್ಕೆ ತಿರುಗುಮುರುಗು: ಅನೈಚ್ಛಿಕ ಹೌದು, ‘ತಟ್ಟನೆ’ ಅಲ್ಲ.

ಮಕ್ಕಳಿಂದ ಬಂದ ಜೋಡಿ ನನ್ನ ಯಾವ ಉದಾಹರಣೆಗಿಂತಲೂ ಚೆನ್ನಾಗಿತ್ತು. ಕಾಫಿ ಕೊಯ್ಯುವಾಗ ಚಗಳಿ ಕಚ್ಚಿದರೆ ಕೈ ತಾನಾಗಿ ಹಿಂದಕ್ಕೆ ಬರುತ್ತದೆ, ಕೊಂಬೆ ಬಿಟ್ಟುಹೋಗುತ್ತದೆ. ಮಳೆಗಾಲದ ಇಂಬಳ ಕಚ್ಚಿದರೆ ಕಾಲು ಕದಲುವುದೇ ಇಲ್ಲ, ಕಾಲುಚೀಲ ರಕ್ತವಾದ ಮೇಲೆ ತಿಳಿಯುವುದು. ಒಂದೇ ತೋಟ, ಎರಡು ಕಡಿತ. ನೋವಿನ ಸಂದೇಶ ಹೊರಡದಿದ್ದರೆ ಪ್ರತಿಕ್ರಿಯೆಯೂ ಇಲ್ಲ. ಇಂಬಳ ‘ಗೊತ್ತಿಲ್ಲದ ಹಾಗೆ’ ಕಚ್ಚುತ್ತದೆ, ಚಗಳಿ ಕಚ್ಚಿದಾಗ ಕೈ ‘ಗೊತ್ತಾಗುವ ಮೊದಲೇ’ ಬರುತ್ತದೆ. ಈ ಎರಡನ್ನು ಬಿಡಿಸಿ ಹೇಳಿದ ಹುಡುಗ ಹಿಂದಿನ ದಿನ ಒಲ್ಲದೆ ತೋಟಕ್ಕೆ ಹೋದವನೇ.

‘ತಾನಾಗಿ’ ನಮ್ಮನ್ನು ಸ್ವಲ್ಪ ಸತಾಯಿಸಿತು. ‘ಕೈ ತಾನಾಗಿ ಬಂತು’ ಎಂದರೆ ಯಾರೂ ಬೇಕೆಂದು ತಂದದ್ದಲ್ಲ. ‘ಅವಳು ತಾನಾಗಿ ಬಂದಳು’ ಎಂದರೆ ಯಾರೂ ಕರೆಯದೆ ಸ್ವಂತ ಇಚ್ಛೆಯಿಂದಲೇ ಬಂದಳು. ಅದೇ ಪದ, ಕರ್ತೃ ಬದಲಾದರೆ ಅರ್ಥ ಎದುರುಬದುರು. ಕನ್ನಡ ಈ ವ್ಯತ್ಯಾಸವನ್ನು ಕ್ರಿಯಾಪದದಲ್ಲೂ ಇಟ್ಟುಕೊಂಡಿದೆ: ‘ಒಡೆದೆ’ ಮತ್ತು ‘ಒಡೆದುಹೋಯ್ತು’, ‘ಹೇಳಿದೆ’ ಮತ್ತು ‘ಬಾಯಿತಪ್ಪಿ ಹೇಳಿಬಿಟ್ಟೆ’. ಮಕ್ಕಳು ಇದನ್ನು ದಿನವೂ ಸರಿಯಾಗಿಯೇ ಬಳಸುತ್ತಾರೆ. ಪಠ್ಯದ ‘ಅನೈಚ್ಛಿಕವಾಗಿ’ ಪರೀಕ್ಷೆಗೆ ಬೇಕೇ ಬೇಕು, ಅದನ್ನು ಕೈಬಿಡಿ ಎನ್ನುತ್ತಿಲ್ಲ. ಮೊದಲು ‘ಕೈ ತಾನಾಗಿ ಬಂತು’, ಆಮೇಲೆ ಅದಕ್ಕೆ ಪುಸ್ತಕದ ಹೆಸರು. ಕ್ರಮ ಇಷ್ಟು ಬದಲಾದರೆ ಸಾಕು.

ಅವಧಿಯ ಕೊನೆಗೆ ಮತ್ತೆ ವಾಕ್ಯ ಬರೆಸಿದೆ. ಆ ಹುಡುಗಿ ಈ ಸಲ ನಾಲ್ಕು ಬರೆದಿದ್ದಳು: ‘ಪ್ರನಾಳ ಬಿಸಿ ಇತ್ತು. ನನ್ನ ಕೈ ಅನೈಚ್ಛಿಕವಾಗಿ ಬಿಟ್ಟಿತು. ಆಮೇಲೆ ಉರಿ ಗೊತ್ತಾಯಿತು. ಟೀಚರ್ ಬೈದರು.’ ಆಕೆಯ ಒಪ್ಪಿಗೆ ಕೇಳಿ ಅದನ್ನು ಹಲಗೆಯ ಮೇಲೆ ಬರೆದೆ, ಪ್ರನಾಳದ ವಿಷಯದಲ್ಲಿ ತಪ್ಪು ನನ್ನದು ಎಂದು ತರಗತಿಗೆ ಹೇಳಿದೆ. ಹಿಂದಿನ ಬೆಂಚಿನಿಂದ ಒಬ್ಬ ಕೇಳಿದ: ‘ನೀವು ಬೈದದ್ದೂ ಅನೈಚ್ಛಿಕವಾಗಿಯಾ ಟೀಚರ್?’

ಎಲ್ಲರೂ ನಕ್ಕರು. ಮೂರು ಪ್ರಶ್ನೆಗಳನ್ನು ನನಗೇ ಹಾಕಿಕೊಂಡೆ. ಬೇಗ ಆಯಿತು. ಆಗುವಾಗ ಗೊತ್ತಿತ್ತು. ನಾಲಿಗೆ ಹಿಡಿಯಬಹುದಿತ್ತು, ಹಿಡಿಯಲಿಲ್ಲ. ನಾಲ್ಕನೆಯ ವಾಕ್ಯದಲ್ಲಿ ‘ಬೈದರು’ ಎಂಬುದರ ಹಿಂದೆ ‘ಯೋಚಿಸದೆ’ ಎಂದು ಸೇರಿಸಿದೆ.

ಅವಲೋಕನ ಪುಸ್ತಕದಲ್ಲಿ ಮಾರ್ಗದರ್ಶಕರು, ಭಾಷಾ ಚಟುವಟಿಕೆಗೆ ಸಮಯ ಹೆಚ್ಚಾಯಿತು, ಸಸ್ಯಗಳ ಚಲನೆ ಉಳಿಯಿತು ಎಂದು ಬರೆದರು. ಉಳಿದದ್ದು ನಿಜ. ಮುಂದಿನ ಅವಧಿಗೆ ಮಕ್ಕಳು ತೋಟದ ಬದಿಯಿಂದ ಮುಟ್ಟಿದರೆ ಮುನಿಯನ್ನು ಬೇರುಸಹಿತ ಕಿತ್ತು ತಂದಿದ್ದರು. ನರವೇ ಇಲ್ಲದ ಗಿಡ ಎಲೆ ಮಡಚುವುದಕ್ಕೆ ಯಾವ ಪದ ಹಾಕಬೇಕೆಂಬ ಜಗಳ ನಾನು ತರಗತಿಗೆ ಬರುವ ಮೊದಲೇ ಶುರುವಾಗಿತ್ತು.