ಸ್ಟಿಲ್ಟಿನಿಂದ ಬೀದಿಗೆ ಬಂದ ಕಾರುಗಳು

ಬೆಂಗಳೂರಿನ ಕತ್ರಿಗುಪ್ಪೆ ಕಡೆ ಹಳೆಯ ಮನೆಯೊಂದನ್ನು ಒಡೆದರೆ ಅಲ್ಲಿ ಏನು ಏಳುತ್ತದೆ ಎಂದು ಈಗ ಯಾರೂ ಕೇಳುವುದಿಲ್ಲ. ಮೂವತ್ತು-ನಲವತ್ತರ ಸೈಟಿನಲ್ಲಿ ಒಂದೇ ಸಂಸಾರ, ಮುಂದೊಂದು ಕರಿಬೇವಿನ ಗಿಡ, ಕಾಂಪೌಂಡಿನೊಳಗೊಂದು ಸ್ಕೂಟರ್ ಇದ್ದ ಜಾಗದಲ್ಲಿ ಕೆಳಗೆ ಪಾರ್ಕಿಂಗ್, ಮೇಲೆ ಮೂರೋ ನಾಲ್ಕೋ ಅಂತಸ್ತು, ಅಂತಸ್ತಿಗೆ ಎರಡು ಬಾಡಿಗೆ ಮನೆ. ಬಾಡಿಗೆಗೆ ಬರುವವರ ಮೇಲೆ ನನಗೆ ಯಾವ ದೂರೂ ಇಲ್ಲ. ರಿಂಗ್ ರೋಡಿನ ಪಿಇಎಸ್ ವಿಶ್ವವಿದ್ಯಾಲಯದಲ್ಲಿ ಓದುವ ಹುಡುಗರು, ಮಕ್ಕಳ ಶಾಲೆಗೆಂದು ಇಲ್ಲಿ ಮನೆ ಹುಡುಕುವ ಅಪ್ಪ-ಅಮ್ಮ, ಊರಿನಿಂದ ಕೆಲಸಕ್ಕೆ ಬಂದವರು. ಎಲ್ಲರಿಗೂ ಸೂರು ಬೇಕು. ನಮ್ಮ ಹಿರಿಯರೂ ಹೀಗೇ ಬಂದು ಇಲ್ಲಿ ನೆಲೆ ನಿಂತವರು. ನನ್ನ ಕಳವಳವೆಲ್ಲ ಮನೆಯ ಮುಂದಿನ ರಸ್ತೆಯದು. ಬಡಾವಣೆ ಮಾಡಿದಾಗ ಎಷ್ಟು ಅಗಲವಿತ್ತೋ ಇವತ್ತಿಗೂ ಅಷ್ಟೇ ಇದೆ.

ಬೀದಿಯ ಕೆಲವರು ಸೇರಿ ಟೇಪು ಹಿಡಿದು ಅಳೆದ ಮೇಲೆ ನಮಗೆ ಎಷ್ಟೋ ವಿಷಯ ತಿಳಿಯಿತು. ಕಾಗದದಲ್ಲಿ ಮೂವತ್ತಡಿ ರಸ್ತೆ. ಎರಡು ಬದಿಯ ಮೋರಿ, ಫುಟ್‌ಪಾತ್ ಕಳೆದರೆ ಡಾಂಬರು ಉಳಿಯುವುದು ಸುಮಾರು ಇಪ್ಪತ್ತಡಿ. ಒಂದು ಕಾರಿಗೆ ಆರಡಿ ಹಿಡಿಯಿರಿ. ಎರಡೂ ಬದಿ ಕಾರು ನಿಂತರೆ ನಡುವೆ ಎಂಟೇ ಅಡಿ. ನೀರಿನ ಟ್ಯಾಂಕರಿನ ಅಗಲವೂ ಹೆಚ್ಚುಕಡಿಮೆ ಎಂಟಡಿ, ಅಗ್ನಿಶಾಮಕ ವಾಹನದ್ದೂ ಅಷ್ಟೇ. ಬೇಸಿಗೆಯಲ್ಲಿ ಟ್ಯಾಂಕರ್ ಬಂದರೆ ಕ್ಲೀನರ್ ಹುಡುಗ ಇಳಿದು, ನಿಂತ ಕಾರುಗಳ ಕನ್ನಡಿಗಳನ್ನು ಒಂದೊಂದಾಗಿ ಮಡಚುತ್ತಾ ಮುಂದೆ ನಡೆಯುತ್ತಾನೆ. ಹಿಂದೆ ಸ್ಕೂಲ್ ವ್ಯಾನು, ಅದರ ಹಿಂದೆ ಆಟೋ. ಪಕ್ಕದ ಬೀದಿಯ ಅಜ್ಜಿಯೊಬ್ಬರಿಗೆ ರಾತ್ರಿ ಎದೆನೋವು ಬಂದಾಗ ಆಂಬುಲೆನ್ಸ್ ತಿರುವಿನಲ್ಲೇ ನಿಂತಿತು. ಸ್ಟ್ರೆಚರನ್ನು ಬೀದಿಯುದ್ದ ಹೊತ್ತುಕೊಂಡು ಹೋದರು. ಅಜ್ಜಿ ಉಳಿದರು. ಆದರೆ ಆ ರಾತ್ರಿ ಬಾಗಿಲಲ್ಲಿ ನಿಂತು ನೋಡಿದ ನಮಗ್ಯಾರಿಗೂ ನಿದ್ದೆ ಹತ್ತಲಿಲ್ಲ.

ವಾಹನ ಎಣಿಸುವುದಾದರೆ ರಾತ್ರಿ ಹತ್ತರ ಮೇಲೆ ಎಣಿಸಬೇಕು, ಇದೂ ಅನುಭವದಿಂದ ಬಂದದ್ದೇ. ಹಗಲಲ್ಲಿ ನಿಲ್ಲುವುದು ಅಂಗಡಿಗೆ ಬಂದವರ ಗಾಡಿ, ರಾತ್ರಿ ನಿಲ್ಲುವುದು ಬೀದಿಯವರದ್ದೇ. ಹಾಗೆ ಎಣಿಸುತ್ತಾ ಹೋದಾಗ, ಪಾರ್ಕಿಂಗಿಗೆಂದೇ ಕೆಳಗೆ ಒಂದು ಅಂತಸ್ತು ಬಿಟ್ಟ ಕಟ್ಟಡಗಳ ಮುಂದೆಯೇ ಹೆಚ್ಚು ಕಾರುಗಳು ರಸ್ತೆಯಲ್ಲಿದ್ದವು. ಬಗ್ಗಿ ನೋಡಿದರೆ ಸ್ಟಿಲ್ಟು ಎನ್ನುವ ಆ ಕೆಳ ಅಂತಸ್ತಿನೊಳಗೆ ಹಾಲೊ ಬ್ಲಾಕಿನ ಗೋಡೆ, ಒಂದು ರೋಲಿಂಗ್ ಶಟರ್, ಹಿಂದೆ ವಾಚ್‌ಮನ್‌ಗೆಂದು ಹೇಳಿ ಬಾಡಿಗೆಗೆ ಕೊಟ್ಟ ರೂಮು.

ಇಲ್ಲೇ ವಿಷಯದ ಗಂಟು ಇರುವುದು. ಸೈಟಿನ ಅಳತೆ, ಮುಂದಿನ ರಸ್ತೆಯ ಅಗಲ ನೋಡಿ ಎಷ್ಟು ಚದರಡಿ ಕಟ್ಟಬಹುದೆಂದು ನಿಯಮ ಹೇಳುತ್ತದೆ. ಅದಕ್ಕೆ ಬಳಸುವ ಅನುಪಾತವೇ ಎಫ್‌ಎಆರ್. ಗಾಡಿ ನಿಲ್ಲಿಸುವ ಜಾಗವನ್ನು ಆ ಲೆಕ್ಕಕ್ಕೆ ಹಿಡಿಯುವುದಿಲ್ಲ, ಗಾಡಿಗಳು ಒಳಗೆ ನಿಲ್ಲಲಿ ಎಂದು ಕೊಟ್ಟ ರಿಯಾಯಿತಿ ಅದು. ಸ್ಟಿಲ್ಟು ಅಂಗಡಿಯಾದ ದಿನ ಮಾಲೀಕರಿಗೆ ಲೆಕ್ಕಕ್ಕಿಲ್ಲದ ಒಂದು ಅಂತಸ್ತು ಸಿಕ್ಕಿತು, ಒಳಗಿರಬೇಕಾದ ಕಾರುಗಳು ಬೀದಿಗೆ ಬಂದವು, ಅಂಗಡಿಗೆ ಬರುವವರ ಗಾಡಿಗಳೂ ಸೇರಿಕೊಂಡವು. ಒಬ್ಬ ಮಾಲೀಕರು ನನ್ನ ಬಳಿ ಮುಚ್ಚುಮರೆಯಿಲ್ಲದೆ ಹೇಳಿದರು: "ಮೇಡಂ, ಬ್ಯಾಂಕ್ ಸಾಲ ತೀರಬೇಕಲ್ಲ. ಕಾರು ರೋಡಲ್ಲಿ ನಿಂತ್ರೆ ಯಾರೂ ದುಡ್ಡು ಕೇಳಲ್ಲ, ಅಂಗಡಿಯಿಂದ ಬಾಡಿಗೆ ಬರುತ್ತೆ." ಅವರ ಮಾತಿನಲ್ಲಿ ಸುಳ್ಳಿಲ್ಲ. ಬೀದಿಯ ಜಾಗ ಬಿಟ್ಟಿಯಾಗಿರುವ ತನಕ ಈ ಲೆಕ್ಕ ಎಲ್ಲರಿಗೂ ಹೀಗೇ ಕೂಡಿಬರುತ್ತದೆ.

ಇನ್ನೊಂದು ಕೊರತೆ ದೊಡ್ಡದು. ನಕ್ಷೆ ಮಂಜೂರು ಮಾಡುವಾಗ ಒಂದೊಂದು ಸೈಟನ್ನೂ ಬೇರೆಯಾಗಿ ನೋಡುತ್ತಾರೆ. ಇಡೀ ಬೀದಿಯ ಮನೆಗಳನ್ನು ಕೂಡಿಸಿ, ಈ ರಸ್ತೆ, ಈ ಒಳಚರಂಡಿ ಪೈಪು ಇಷ್ಟನ್ನು ತಡೆಯುತ್ತದೆಯೇ ಎಂದು ಕೇಳುವವರು ಯಾರೂ ಇಲ್ಲ. ನಗರ ಇನ್ನೂ 2007ರಲ್ಲಿ ಒಪ್ಪಿಗೆ ಪಡೆದ, 2015ಕ್ಕೆಂದು ಮಾಡಿದ ಮಹಾಯೋಜನೆಯ ಮೇಲೆ ನಡೆಯುತ್ತಿದೆ. 2031ರ ಕರಡು 2017ರಲ್ಲಿ ಬಂತು, 2020ರಲ್ಲಿ ಸರ್ಕಾರ ಅದನ್ನು ಕೈಬಿಟ್ಟಿತು. ಅತ್ತ ನಿಯಮ ಮೀರಿದ ಕಟ್ಟಡಗಳನ್ನು ದಂಡ ಕಟ್ಟಿಸಿಕೊಂಡು ಸಕ್ರಮ ಮಾಡುವ ಅಕ್ರಮ-ಸಕ್ರಮ ಯೋಜನೆಗೆ ಸುಪ್ರೀಂ ಕೋರ್ಟ್ 2017ರ ಜನವರಿಯಲ್ಲಿ ತಡೆ ಕೊಟ್ಟರೂ, ಇಂದಲ್ಲ ನಾಳೆ ಸಕ್ರಮವಾಗುತ್ತದೆ ಎಂಬ ಭರವಸೆ ಕಟ್ಟುವವರ ಮನಸ್ಸಿನಿಂದ ಹೋಗಿಲ್ಲ. 2024ರ ಡಿಸೆಂಬರಿನಲ್ಲಿ ಅದೇ ಕೋರ್ಟ್, ವಾಸಯೋಗ್ಯ ಪ್ರಮಾಣಪತ್ರ ಇಲ್ಲದ ಕಟ್ಟಡಕ್ಕೆ ಕರೆಂಟು, ನೀರಿನ ಸಂಪರ್ಕ ಕೊಡಬಾರದೆಂದಿತು. ಮರುವರ್ಷವೇ 1,200 ಚದರಡಿವರೆಗಿನ ಸೈಟಿನ ಸಣ್ಣ ಕಟ್ಟಡಗಳಿಗೆ ರಾಜ್ಯ ಸರ್ಕಾರ ಆ ಪ್ರಮಾಣಪತ್ರದಿಂದ ವಿನಾಯಿತಿ ಕೊಟ್ಟಿತು. ಕರೆಂಟಿಗಾಗಿ ಪರದಾಡುತ್ತಿದ್ದ ಎಷ್ಟೋ ಸಂಸಾರಗಳಿಗೆ ಇದರಿಂದ ಉಸಿರು ಬಂತು, ನಿಜ. ಆದರೆ ನಮ್ಮ ಬೀದಿಯ ಬಹುಪಾಲು ಸೈಟುಗಳೂ ಇದೇ ಅಳತೆಯವು, ಆ ತಡೆ ಇವಕ್ಕೂ ಇಲ್ಲವಾಯಿತು.

ಇಂಥದ್ದರ ಬಗ್ಗೆ ಪಾಲಿಕೆಗೆ ಅರ್ಜಿ ಬರೆಯುವುದರಲ್ಲೂ ಒಂದು ಕ್ರಮವಿದೆ. "ಟ್ರಾಫಿಕ್ ಜಾಸ್ತಿಯಾಗಿದೆ" ಎಂದು ಬರೆದ ಕಾಗದ ಮೇಜಿಂದ ಮೇಜಿಗೆ ಅಲೆಯುತ್ತದೆ. ಹತ್ತು ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಮಂಜೂರಾದ ನಕ್ಷೆ ಕೇಳಿ, ಅದರಲ್ಲಿ ಪಾರ್ಕಿಂಗ್ ಎಂದು ಗುರುತಿಸಿದ ಜಾಗದ ಇವತ್ತಿನ ಫೋಟೋ ಲಗತ್ತಿಸಿ ಕೊಟ್ಟರೆ ಲಿಖಿತ ಉತ್ತರ ಬರುತ್ತದೆ. ಸಮಯವೂ ಮುಖ್ಯ. ಸ್ಟಿಲ್ಟಿನೊಳಗೆ ಬ್ಲಾಕು ಇಳಿಸಿದ ವಾರದಲ್ಲೇ ಮಾತಾಡಬೇಕು. ಶಟರ್ ಕೂತು, ಮುಂಗಡ ಪಡೆದ ಮೇಲೆ ಯಾರೂ ಒಡೆಯುವುದಿಲ್ಲ. ಹೊಸದಾಗಿ ಕಟ್ಟುತ್ತಿದ್ದ ಒಬ್ಬರ ಮನೆಗೆ ನಾಲ್ಕು ಜನ ಹೋಗಿ, ಟೇಪಿನ ಲೆಕ್ಕ ತೋರಿಸಿ ಕೇಳಿಕೊಂಡಾಗ ಅವರು ಗೋಡೆ ಎಬ್ಬಿಸಲಿಲ್ಲ. ಇವತ್ತು ಅವರ ಬಾಡಿಗೆದಾರರ ಕಾರುಗಳು ಒಳಗೇ ನಿಲ್ಲುತ್ತವೆ. ಜಗಳವಾಡಿದ ಇನ್ನೊಂದು ಮನೆಯಲ್ಲಿ ಇಂದಿಗೂ ನಮ್ಮೊಂದಿಗೆ ಮಾತಿಲ್ಲ, ಅಂಗಡಿಯೂ ಇದೆ.

2020ರ ಸೆಪ್ಟೆಂಬರಿನಲ್ಲಿ ಪಾಲಿಕೆ ಸದಸ್ಯರ ಅವಧಿ ಮುಗಿದ ಮೇಲೆ ಬೀದಿಯ ಮಾತನ್ನು ಎತ್ತಿ ಹೇಳುವ ಚುನಾಯಿತರಿಲ್ಲದೆ ವರ್ಷಗಳೇ ಕಳೆದವು. 2025ರಲ್ಲಿ ನಗರ ಐದು ಪಾಲಿಕೆಗಳಾಗಿ ಒಡೆದಿದೆ. ಮತ ಕೇಳಲು ಬರುವವರ ಮುಂದೆ ಡಾಂಬರಿನ ಜೊತೆಗೆ ಇದನ್ನೂ ಇಡಬೇಕು: ಹೊಸ ನಕ್ಷೆಗೆ ಸಹಿ ಹಾಕುವ ಮೊದಲು ಬೀದಿಯ ಒಟ್ಟು ಲೆಕ್ಕ ನೋಡುತ್ತೀರಾ?

ತಡಮಾಡುವಂತೆಯೂ ಇಲ್ಲ. ಜೆ.ಪಿ. ನಗರ 4ನೇ ಹಂತದಿಂದ ಕೆಂಪಾಪುರದವರೆಗಿನ 32.15 ಕಿ.ಮೀ. ಮೆಟ್ರೋ ಮಾರ್ಗಕ್ಕೆ 2024ರ ಆಗಸ್ಟಿನಲ್ಲಿ ಕೇಂದ್ರ ಸಂಪುಟ ಒಪ್ಪಿದೆ. ಅದು ಇದೇ ರಿಂಗ್ ರೋಡಿನ ಮೇಲೆ, ಕಾಮಾಕ್ಯ, ಹೊಸಕೆರೆಹಳ್ಳಿ ಹಾದು ಹೋಗುತ್ತದೆ. ಮೆಟ್ರೋ ಬರಲಿ, ಬರಲೇಬೇಕು. ಅದರ ಹಿಂದೆಯೇ ಇನ್ನಷ್ಟು ಅಂತಸ್ತುಗಳೂ ಬರುತ್ತವೆ. ಆದರೆ ನಿಲ್ದಾಣಕ್ಕೆ ನಡೆದು ಹೋಗಲು ಫುಟ್‌ಪಾತ್ ಎಲ್ಲಿದೆ? ಗೇಟಿನ ಮುಂದಿನ ಇಳಿಜಾರು ಕಾಂಕ್ರೀಟು ಅದನ್ನು ಮನೆಮನೆಗೂ ತುಂಡರಿಸಿದೆ. ನಮ್ಮ ಬೀದಿಯಿಂದ ಕಾಮಾಕ್ಯದವರೆಗೆ ಎಲ್ಲೆಲ್ಲಿ ಹಾಗಾಗಿದೆ ಎಂದು ಗುರುತು ಹಾಕುತ್ತಾ ಬರುತ್ತಿದ್ದೇವೆ. ನನ್ನ ಮನೆಯ ಸಾಲಿನವರು ತಮ್ಮ ಗೇಟಿನ ಮುಂದಿನದನ್ನು ಒಳಕ್ಕೆ ಕತ್ತರಿಸಲು ಒಪ್ಪಿದ್ದಾರೆ. ಎದುರು ಸಾಲಿನವರೊಡನೆ ಮಾತುಕತೆ ನಡೆದಿದೆ.